ಹೆಂಡ್ತಿ ರುಜು ಬೇಕು ಅಂದಿದ್ದಕ್ಕೆ ಅತ್ತೆ ಹೇಳಿದ ಕಥೆ

ನವೆಂಬರ್ ಬಂತು ಅಂದ್ರೆ ಇಲ್ಲಿ ಅಮೆರಿಕದಲ್ಲಿ ನಮ್ಮಂಥ ಮನೆಗಳಲ್ಲಿ ಓಪನ್ ಎನ್‌ರೋಲ್‌ಮೆಂಟ್ ಗಲಾಟೆ ಶುರು. ಮುಂದಿನ ವರ್ಷಕ್ಕೆ ಯಾವ ಹೆಲ್ತ್ ಇನ್ಶೂರೆನ್ಸು, ಸಂಬಳದಲ್ಲಿ ಎಷ್ಟು ಲೈಫ್ ಇನ್ಶೂರೆನ್ಸಿಗೆ ಅಂತ ಎಲ್ಲಾನೂ ಕಂಪನಿ ಕೊಟ್ಟ ಒಂದೆರಡು ವಾರದಲ್ಲೇ ಆರಿಸಿ ಮುಗಿಸ್ಬೇಕು, ಆಮೇಲೆ ಮಗು ಹುಟ್ಟೋದು, ಕೆಲಸ ಹೋಗೋದು ಥರದ್ದೇನಾದ್ರೂ ಆದ್ರೆ ಮಾತ್ರ ಬದಲಾಯಿಸೋಕೆ ಬಿಡ್ತಾರೆ. ಗಂಡ ಹೆಂಡ್ತಿ ಇಬ್ರೂ ಕೆಲಸ ಮಾಡೋ ಮನೇಲಿ ಇದನ್ನ ಒಬ್ಬೊಬ್ರೇ ಕೂತು ಮಾಡೋಕಾಗಲ್ಲ. ನಾನು ನನ್ನ ಕಂಪನಿಯ ಹೈ ಡಿಡಕ್ಟಿಬಲ್ ಪ್ಲಾನ್ (ಮೊದಲೊಂದಿಷ್ಟು ಖರ್ಚು ನಾವೇ ಹಾಕ್ಕೊಳ್ಳೋ ಇನ್ಶೂರೆನ್ಸು) ತಗೊಂಡು ಎಚ್‌ಎಸ್‌ಎಗೆ (ಆಸ್ಪತ್ರೆ ಖರ್ಚಿಗೆ ಟ್ಯಾಕ್ಸ್ ಇಲ್ದೆ ಕೂಡಿಡೋ ಖಾತೆ) ದುಡ್ಡು ಹಾಕ್ತೀನಿ ಅಂದ್ರೆ ಇವ್ರು ಅವ್ರ ಕಂಪನೀಲಿ ಮಾಮೂಲಿ ಹೆಲ್ತ್ ಎಫ್‌ಎಸ್‌ಎ (ಅದೇ ಥರ ಕಂಪನಿ ಮೂಲಕ ದುಡ್ಡು ತೆಗೆದಿಡೋ ಇನ್ನೊಂದು ಖಾತೆ) ತಗೊಳ್ಳೋ ಹಾಗಿಲ್ಲ, ಯಾಕಂದ್ರೆ ಆ ದುಡ್ಡು ನನ್ನ ಆಸ್ಪತ್ರೆ ಖರ್ಚಿಗೂ ಆಗುತ್ತೆ ಅಂತ ಲೆಕ್ಕ, ಆಗ ನನಗೆ ಎಚ್‌ಎಸ್‌ಎ ಅರ್ಹತೆನೇ ಹೋಗುತ್ತೆ. ಮಗಳ ಆಫ್ಟರ್‌ಸ್ಕೂಲ್ ಫೀಸಿಗೆ ಟ್ಯಾಕ್ಸ್ ಇಲ್ದೆ ತೆಗೆದಿಡೋ ದುಡ್ಡಿನ ಮಿತಿ 2025ರ ತನಕ 5,000 ಡಾಲರ್, 2026ರಿಂದ 7,500, ಅದೂ ಇಡೀ ಮನೆಗೆ ಸೇರಿ. ಮಗು ಇಬ್ಬರ ಇನ್ಶೂರೆನ್ಸಲ್ಲೂ ಇದ್ರೆ ಕ್ಯಾಲೆಂಡರಲ್ಲಿ ಯಾರ ಹುಟ್ಟಿದ ದಿನ ಮೊದಲು ಬರುತ್ತೋ ಅವ್ರ ಪ್ಲಾನೇ ಮೊದಲು ದುಡ್ಡು ಕೊಡ್ಬೇಕು ಅಂತ ಒಂದು ನಿಯಮ. ಹಾಗಾಗಿ ನಾವಿಬ್ರೂ ಎರಡು ಲ್ಯಾಪ್‌ಟಾಪ್ ಇಟ್ಕೊಂಡು ಊಟದ ಟೇಬಲ್ ಮುಂದೆ ಕೂತಿದ್ವಿ, ಅತ್ತೆ ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸ್ತಿದ್ರು, ಮಗಳು ಹೋಮ್‌ವರ್ಕ್ ಮಾಡ್ತಿದ್ಲು.

ಅವಳಿಗೆ ಒಂಬತ್ತು ವರ್ಷ. ಪೆನ್ಸಿಲ್ ಕೆಳಗಿಟ್ಟು ಕೇಳಿದ್ಲು, "ಅಪ್ಪಾ, ನೀನು ಸತ್ತೋದ್ರೆ ಈ ಪಾಸ್‌ವರ್ಡೆಲ್ಲ ಅಮ್ಮಂಗೆ ಗೊತ್ತಾ?"

ಅತ್ತೆ ಕೈಲಿದ್ದ ಸೊಪ್ಪು ಹಾಗೇ ಬಿಟ್ಟು, "ಬಿಡ್ತು ಅನ್ನು! ಬಿಡ್ತು ಅನ್ನು ಪುಟ್ಟಿ, ಮುಸ್ಸಂಜೆ ಹೊತ್ತಲ್ಲಿ ಏನು ಮಾತು ಅಂತ ಆಡ್ತೀಯ" ಅಂತ ಗದರಿದ್ರು. ಮಗಳು ಹೆದರಲೂ ಇಲ್ಲ, ಬಿಡ್ತು ಅನ್ನಲೂ ಇಲ್ಲ. "ಸ್ಕೂಲಲ್ಲಿ ಫೈರ್ ಡ್ರಿಲ್ ಮಾಡಿಸ್ತಾರಲ್ಲ ಅಜ್ಜಿ, ಅದು ಬೆಂಕಿ ಬೀಳ್ಲಿ ಅಂತಾನಾ?" ಅಂದ್ಲು. ಅತ್ತೆಗೆ ಏನು ಹೇಳ್ಬೇಕೋ ತೋಚಲಿಲ್ಲ, ನಮಗೂ ಅಷ್ಟೆ.

ಇದಾಗಿ ಹತ್ತು ನಿಮಿಷ ಆಗಿರ್ಬೇಕು ಅಷ್ಟೆ. ಇವ್ರು ಈ ವರ್ಷ ಕಂಪನಿ ಬದಲಾಯಿಸಿದ್ರಿಂದ 401ಕೆಗೆ ಹೊಸದಾಗಿ ಬೆನಿಫಿಷಿಯರಿ, ಅಂದ್ರೆ ತಾವು ಹೋದ ಮೇಲೆ ದುಡ್ಡು ಯಾರಿಗೆ ಸೇರ್ಬೇಕೋ ಅವ್ರ ಹೆಸರು, ಹಾಕ್ಬೇಕಿತ್ತು (ಇದು ನಮ್ಮೂರ ಪಿಎಫ್ ಥರದ್ದು, ಸಂಬಳದಿಂದ ನಾವೊಂದಿಷ್ಟು ಹಾಕಿದ್ರೆ ಸುಮಾರು ಕಂಪನಿಗಳು ತಾವೂ ಒಂದಿಷ್ಟು ಸೇರಿಸ್ತಾವೆ). ಮುಕ್ಕಾಲು ಭಾಗ ನನ್ನ ಹೆಸರಿಗೆ, ಕಾಲು ಭಾಗ ಅವ್ರ ಅಮ್ಮನ ಹೆಸರಿಗೆ ಅಂತ ತುಂಬಿಸಿದ್ರು. ಕಂಪ್ಯೂಟರ್ ಒಪ್ಪಲಿಲ್ಲ. ಹೆಂಡ್ತಿ ಬಿಟ್ಟು ಬೇರೆಯವರಿಗೆ ಪಾಲು ಕೊಡ್ಬೇಕಾದ್ರೆ ಹೆಂಡ್ತಿ ಲಿಖಿತ ಒಪ್ಪಿಗೆ ಬೇಕು, ಅದೂ ನೋಟರಿ ಮುಂದೆ ರುಜು ಹಾಕಿ ಕೊಡ್ಬೇಕು ಅಂತ ಬಂತು. ಇದು ಈ ಕಂಪನಿ ಮಾಡ್ಕೊಂಡಿರೋ ರೂಲಲ್ಲ, ದೇಶದ ಕಾನೂನೇ ಹಂಗಿದೆ. 1984ರಲ್ಲಿ ಇಲ್ಲಿನ ಪೆನ್ಷನ್ ಕಾನೂನಿಗೆ ತಿದ್ದುಪಡಿ ತಂದು ಸಂಗಾತಿಗೆ ಗೊತ್ತಿಲ್ದೆ ಈ ದುಡ್ಡು ಬೇರೆಯವರ ಪಾಲಾಗದ ಹಾಗೆ ಮಾಡಿದ್ರು. ಗಂಡನ ರಿಟೈರ್‌ಮೆಂಟ್ ದುಡ್ಡೇ ಗತಿ ಅಂತ ಇದ್ದ ಹೆಂಗಸ್ರು ಅವ್ನು ಹೋದ ಮೇಲೆ ಬರಿಗೈಲಿ ನಿಲ್ಲೋದು ಈ ದೇಶದಲ್ಲೂ ಇತ್ತು ಅಂತ ಅರ್ಥ.

ನನಗೆ ಕಸಿವಿಸಿ ಆಯ್ತು. ಮಗ ಅಮ್ಮಂಗೆ ಕೊಡೋಕೆ ಸೊಸೆ ಅಪ್ಪಣೆ ಕೇಳ್ಬೇಕಾ ಅಂತ ಅತ್ತೆ ನೊಂದ್ಕೊಳ್ತಾರೇನೋ ಅನ್ನೋ ಯೋಚನೆ. ಇವ್ರೂ ಲ್ಯಾಪ್‌ಟಾಪ್ ಸ್ವಲ್ಪ ಆಕಡೆ ತಿರುಗಿಸಿದ್ರು. ಆದ್ರೆ ಅತ್ತೆ ಕೇಳಿಸ್ಕೊಂಡಿದ್ರು. ಏನದು, ಯಾರ ರುಜು, ಯಾಕೆ ಅಂತ ಬಿಡಿಸಿ ಬಿಡಿಸಿ ಕೇಳಿದ್ರು. ಹೇಳಿದ ಮೇಲೆ ಸುಮಾರು ಹೊತ್ತು ಸುಮ್ನಿದ್ದು, "ಇಂಥದ್ದೊಂದು ರೂಲು ನಮ್ಮ ಕಾಲದಲ್ಲಿ ಇದ್ದಿದ್ರೆ ನಿಮ್ಮ ಮಾವ ಜಾಮೀನು ಹಾಕೋಕೆ ಮುಂಚೆ ನನ್ನ ಒಂದ್ಮಾತು ಕೇಳ್ಬೇಕಾಗ್ತಿತ್ತು" ಅಂದ್ರು.

ಮದುವೆ ಆಗಿ ಇಷ್ಟು ವರ್ಷಕ್ಕೆ ಈ ವಿಷಯ ನಾನು ಕೇಳಿದ್ದು ಅವತ್ತೇ.

ಮಾವ ಅರಸೀಕೆರೆ ಕಡೆ ಹೈಸ್ಕೂಲ್ ಮೇಷ್ಟ್ರು. ನಾನವ್ರನ್ನ ನೋಡಿಲ್ಲ, ಇವ್ರು ಇಂಜಿನಿಯರಿಂಗ್ ಓದ್ತಿದ್ದಾಗಲೇ ಹೋಗ್ಬಿಟ್ರು. ಸಂಬಳ ಬಂದ ದಿನ ಮನೆ ಖರ್ಚಿಗೆ ಅಂತ ಒಂದಷ್ಟು ಅತ್ತೆ ಕೈಗೆ ಕೊಡೋರಂತೆ, ಕೊಬ್ಬರಿ ಮಾರಿದಾಗ ಇನ್ನೊಂದಿಷ್ಟು, ಮಿಕ್ಕಿದ್ದೆಲ್ಲ ಅವ್ರದ್ದೇ ಲೆಕ್ಕ. ಕೆಟ್ಟೋರಲ್ಲ, ಕುಡಿತ ಇಸ್ಪೀಟು ಯಾವ್ದೂ ಇರ್ಲಿಲ್ಲ. ಹೆಂಡ್ತಿಗೆ ತಲೆಬಿಸಿ ಯಾಕೆ ಅಂತ ಹೇಳ್ತಿರ್ಲಿಲ್ಲ ಅಷ್ಟೆ. ತಿಥಿ ಕಾರ್ಯ ಎಲ್ಲ ಮುಗಿದು ನೆಂಟರು ಹೊರಟ ಮೇಲೆ ಸೊಸೈಟಿಯಿಂದ ನೋಟಿಸ್ ಬಂತು. ಜೊತೆ ಮೇಷ್ಟ್ರೊಬ್ಬರು ತಗೊಂಡಿದ್ದ ಸಾಲಕ್ಕೆ ಮಾವ ಜಾಮೀನು ನಿಂತಿದ್ರು. ಆ ಮೇಷ್ಟ್ರು ಟ್ರಾನ್ಸ್‌ಫರ್ ತಗೊಂಡು ಹೋಗಿ ಕಂತು ಕಟ್ಟೋದು ನಿಲ್ಲಿಸಿದ್ರು. ಬಡ್ಡಿ ಎಲ್ಲ ಸೇರಿ ಲಕ್ಷದ ಮೇಲಿತ್ತು, ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಅತ್ತೆಗೆ ಜಾಮೀನು ಅಂದ್ರೆ ಏನು ಅಂತ್ಲೂ ಸರಿಯಾಗಿ ಗೊತ್ತಿರ್ಲಿಲ್ಲವಂತೆ, ಇವ್ರು ಸಾಲ ಮಾಡಿಲ್ವಲ್ಲ, ಮತ್ತೆ ನಾವ್ಯಾಕೆ ಕಟ್ಬೇಕು ಅಂತ ಕೇಳಿದ್ರಂತೆ. ಬೀರು ತೆಗೆದು ನೋಡಿದ್ರೆ ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮೆ) ಬಾಂಡು ಒಂದ್ಕಡೆ, ಎಲ್‌ಐಸಿ ರಸೀತಿ ಇನ್ನೊಂದ್ಕಡೆ, ಯಾವ್ದು ಎಷ್ಟಕ್ಕೆ, ಯಾರ ಹೆಸರಿಗೆ ಅಂತ ಹೇಳೋರೇ ಇಲ್ಲ. ಅವ್ರ ತಮ್ಮ, ಅಂದ್ರೆ ಇವ್ರ ಸೋದರಮಾವ, ಶಿಕ್ಷಣ ಇಲಾಖೆ ಆಫೀಸಿಗೆ ಅಲೆದೂ ಅಲೆದೂ ಒಂದೊಂದೇ ಬಿಡಿಸಿಕೊಟ್ರು. ಜಿಪಿಎಫ್ (ಸರ್ಕಾರಿ ನೌಕರರ ಪಿಎಫ್) ದುಡ್ಡು ಕೈಗೆ ಬಂದಿದ್ದೇ ತಡ ಅತ್ತೆ ಆ ಸಾಲ ಪೂರ್ತಿ ತೀರಿಸಿದ್ರು. ಇವ್ರ ಕೊನೇ ವರ್ಷದ ಫೀಸಿಗೆ ಬಳೆ ಮಾರಿದ್ರು.

ಇವ್ರಿಗೆ ಫೀಸಿಗೆ ಬಳೆ ಹೋಗಿದ್ದು ಗೊತ್ತಿತ್ತು, ಜಾಮೀನಿನ ಕಥೆ ಗೊತ್ತಿರ್ಲಿಲ್ಲ. ಅಮ್ಮ ಮಗನಿಗೂ ಹೇಳಿರ್ಲಿಲ್ಲ.

ಅವತ್ತು ರಾತ್ರಿ ನಾನು ಕೂತು ಓದಿದೆ, ನಿದ್ದೆ ಬರ್ಲಿಲ್ಲ. ನಮ್ಮ ಕಾಂಟ್ರ್ಯಾಕ್ಟ್ ಆಕ್ಟು 1872ರದ್ದು, ಅದರ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅದು ಸರಿ. ಆದ್ರೆ ಸತ್ತೋರ ಸಾಲ ವಾರಸುದಾರರ ಮೇಲೆ ಬೀಳೋದು ಅವ್ರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಅದಕ್ಕಿಂತ ಮುಖ್ಯವಾದ್ದು, 1925ರ ಪ್ರಾವಿಡೆಂಟ್ ಫಂಡ್ಸ್ ಆಕ್ಟ್ ಪ್ರಕಾರ ಅವಲಂಬಿತರಿಗೆ ಬರೋ ಸರ್ಕಾರಿ ಪಿಎಫ್ ದುಡ್ಡಿಗೆ ಸತ್ತೋರ ಸಾಲ ತಟ್ಟೋದೇ ಇಲ್ಲ, ಕೋರ್ಟೂ ಜಪ್ತಿ ಮಾಡೋ ಹಾಗಿಲ್ಲ. ಅಂದ್ರೆ ಅತ್ತೆ ತೀರಿಸಿದ್ದು ಯಾರೂ ಕೇಳೋಕೆ ಹಕ್ಕಿಲ್ಲದ ದುಡ್ಡಿಂದ. ಹೊಟ್ಟೆ ಉರೀತು. ಇಷ್ಟು ಹಳೇ ಕಾನೂನು, ವಿಧವೆಯಂಥ ಅವಲಂಬಿತರಿಗೆ ಅಂತಾನೇ ಮಾಡಿದ್ದು, ಅದನ್ನ ಆ ಹೆಂಗಸಿಗೆ ಹೇಳೋಕೆ ಆ ಊರಲ್ಲಿ ಒಬ್ರೂ ಇರ್ಲಿಲ್ವಲ್ಲ ಅಂತ.

ಬೆಳಿಗ್ಗೆ ಕಾಫಿ ಕೊಡ್ತಾ ಅತ್ತೆಗೆ ಹೇಳಿದೆ. ಅವ್ರು ಅಂದಿದ್ದು, "ಗೊತ್ತಿದ್ರೂ ಕಟ್ತಿದ್ದೆ ಕಣಮ್ಮ. ಅವ್ರು ಮಾತು ಕೊಟ್ಟಿದ್ರು, ಊರಲ್ಲಿ ಮೇಷ್ಟ್ರು ಅನ್ನಿಸ್ಕೊಂಡು ಬದುಕಿದೋರು. ದುಡ್ಡು ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀನಿ, ನಂಗೊಂದ್ಮಾತು ಹೇಳ್ಬೇಕು ಅನ್ನಿಸ್ಲಿಲ್ವಲ್ಲ ಅವ್ರಿಗೆ, ಅದು." ಆಮೇಲೆ ಲೋಟ ಕೆಳಗಿಟ್ಟು ಮಗನ್ನ ಕೂಗಿ ನೇರವಾಗಿ ಕೇಳಿದ್ರು, "ನೀನು ಯಾರಿಗಾದ್ರೂ ಜಾಮೀನು ಹಾಕಿದೀಯೇನೋ?"

ಇವ್ರು ತಕ್ಷಣ ಇಲ್ಲ ಅನ್ನಲಿಲ್ಲ. ನನಗೆ ಎದೆ ಧಸಕ್ ಅಂತು. ಈ ದೇಶಕ್ಕೆ ಹೊಸದಾಗಿ ಬಂದಿದ್ದ ಗೆಳೆಯನೊಬ್ಬನಿಗೆ ಕ್ರೆಡಿಟ್ ಹಿಸ್ಟರಿ ಇಲ್ಲ ಅಂತ ಕಾರ್ ಲೋನ್ ಸಿಕ್ತಿರ್ಲಿಲ್ಲ, ಇವ್ರು ಕೋ-ಸೈನ್ ಮಾಡಿದ್ರಂತೆ. ಇಲ್ಲೂ ಅದೇ, ಅವ್ನು ಕಟ್ಟದಿದ್ರೆ ಇವ್ರು ಕಟ್ಬೇಕು, ಒಂದು ಕಂತು ತಪ್ಪಿದ್ರೂ ಇಬ್ಬರ ಕ್ರೆಡಿಟ್ ಸ್ಕೋರೂ ಬೀಳುತ್ತೆ. ಆ ಗೆಳೆಯ ಸರಿಯಾಗೇ ಕಟ್ತಿದಾನೆ, ಇನ್ನು ಕೆಲವೇ ಕಂತು ಬಾಕಿ ಇದೆ, ಅದು ಬೇರೆ ಮಾತು. ಅಪ್ಪ ಮಾಡಿದ್ದನ್ನೇ ಮಗ ಮಾಡಿದ್ರು, ಯಾಕೆ ಹೇಳ್ಲಿಲ್ಲ ಅಂದ್ರೆ ಅದೇ ಉತ್ತರ, ನಿಂಗ್ಯಾಕೆ ತಲೆಬಿಸಿ ಅಂತ. ಅತ್ತೆ "ಅಪ್ಪನ ಮಗನೇ" ಅಂದ್ರು, ಹಾಗಂದು ಅತ್ತೇಬಿಟ್ರು.

ಇವ್ರ ಮೇಲೆ ನನಗೆ ಎರಡು ದಿನ ಸಿಟ್ಟಿತ್ತು. ಆಮೇಲೆ ಇಬ್ರೂ ಕೂತು ಎಲ್ಲಾನೂ ಹರಡಿದ್ವಿ. ಇಲ್ಲಿನ ಮನೆ ಸಾಲ, ಮೈಸೂರಿನ ಸೈಟಿನ ಸಾಲ, ಕಾರು, ಕಾರ್ಡು, ಎರಡೂ ಕಂಪನಿ ಕೊಡೋ ಲೈಫ್ ಇನ್ಶೂರೆನ್ಸು. ಕಂಪನಿ ಇನ್ಶೂರೆನ್ಸ್ ಕೆಲಸ ಇರೋ ತನಕ ಮಾತ್ರ, ಎಚ್-1ಬಿ ಕೆಲಸದ ವೀಸಾದಲ್ಲಿರೋ ನಮ್ಮಂಥವ್ರಿಗೆ ಕೆಲಸ ಹೋದ್ರೆ ಇನ್ನೊಂದು ಹುಡುಕೋಕೆ ಹೆಚ್ಚೂ ಅಂದ್ರೆ 60 ದಿನ, ಹೆಲ್ತ್ ಇನ್ಶೂರೆನ್ಸನ್ನ ಕೋಬ್ರಾ ಅನ್ನೋ ಕಾನೂನಿನ ಕೆಳಗೆ 18 ತಿಂಗಳು ಮುಂದುವರಿಸ್ಬಹುದು ಆದ್ರೆ ಕಂಪನಿ ಪಾಲೂ ಸೇರಿಸಿ ಪೂರ್ತಿ ಪ್ರೀಮಿಯಂ ನಾವೇ ಕಟ್ಬೇಕು, ಮೇಲೆ ನೂರಕ್ಕೆ ಎರಡು ಜಾಸ್ತಿ. ಅದಕ್ಕೇ ಕಂಪನಿಗೆ ಸಂಬಂಧ ಇಲ್ಲದ ಟರ್ಮ್ ಲೈಫ್ ಇನ್ಶೂರೆನ್ಸ್ ಪಾಲಿಸಿ ಇಬ್ಬರ ಹೆಸರಲ್ಲೂ ತಗೊಳ್ಳೋದು ಅಂತ ತೀರ್ಮಾನ ಆಯ್ತು, ನನ್ನ ಸಂಬಳ ಕಮ್ಮಿ ಅಂತ ನನ್ನ ಪಾಲಿಸಿ ಬಿಡೋದು ಬೇಡ ಅಂತ ಇವ್ರೇ ಹೇಳಿದ್ರು, ಅದು ನನಗೆ ಇಷ್ಟ ಆಯ್ತು.

ಇಲ್ಲೆಲ್ಲಾ ಸರಿ ಇದೆ ಅಂತ ನಾನು ಹೇಳ್ತಿಲ್ಲ. ಆಸ್ಪತ್ರೆ ಬಿಲ್ಲಿಂದಾನೇ ಸಾಲಕ್ಕೆ ಬೀಳೋ ದೇಶ ಇದು. ಇಲ್ಲೂ ಫಾರ್ಮ್ ಬದಲಾಯಿಸದೆ ಬಿಟ್ಟೋರ ಕಥೆ ಇದೆ. ವಾಷಿಂಗ್ಟನ್ ರಾಜ್ಯದ ಡೇವಿಡ್ ಎಗೆಲ್‌ಹಾಫ್ ಅನ್ನೋರು ಡೈವೋರ್ಸ್ ಆದ ಸ್ವಲ್ಪ ದಿನಕ್ಕೇ ಅಪಘಾತದಲ್ಲಿ ತೀರಿಕೊಂಡ್ರು, ಕಂಪನಿಯ ಇನ್ಶೂರೆನ್ಸಲ್ಲಿ ಮಾಜಿ ಹೆಂಡ್ತಿ ಹೆಸರೇ ಉಳಿದಿತ್ತು, ಅದಕ್ಕೂ ಮುಂಚಿನ ಮದುವೆಯ ಮಕ್ಕಳು ಸುಪ್ರೀಂ ಕೋರ್ಟ್ ತನಕ ಹೋದ್ರೂ 2001ರಲ್ಲಿ ತೀರ್ಪು ಫಾರ್ಮಲ್ಲಿದ್ದ ಹೆಸರಿನ ಪರವಾಗೇ ಬಂತು. ಮತ್ತೆ ಮಾವ ಹೋದಾಗ ಅತ್ತೆ ಮನೆಗೆ ತಿಂಗಳುಗಟ್ಟಲೆ ಅಕ್ಕಪಕ್ಕದೋರು ಊಟ ತಂದು ಕೊಟ್ರಂತೆ, ಅಂಥ ಅಕ್ಕಪಕ್ಕ ನನಗಿಲ್ಲಿ ಇಲ್ಲ. ಆದ್ರೆ ನಾವಿರೋ ಟೆಕ್ಸಸ್‌ನಲ್ಲಿ ಮದುವೆ ಆದ ಮೇಲೆ ಗಂಡ ಹೆಂಡ್ತಿ ಯಾರೇ ದುಡಿದ್ರೂ ಸಂಬಳ ಕಾನೂನು ಪ್ರಕಾರ ಇಬ್ಬರಿಗೂ ಸೇರಿದ್ದು. ನಾನು ಎಚ್-4ರಲ್ಲಿ (ಗಂಡನ ವೀಸಾ ಆಧಾರದ ಮೇಲೆ ಹೆಂಡ್ತಿಗೆ ಸಿಗೋ ವೀಸಾ) ಮನೇಲಿ ಕೂತಿದ್ದ ವರ್ಷಗಳಲ್ಲೂ ಹಾಗೇ ಇತ್ತು. ನಮ್ಮೂರಲ್ಲಿ ತೋಟದಲ್ಲಿ ಬೆನ್ನು ಮುರಿದು ದುಡಿಯೋ ಹೆಂಗಸಿಗೂ ಗಂಡ ಬದುಕಿರೋವಾಗ ಅವ್ನ ಗಳಿಕೇಲಿ ಅಂಥ ಪಾಲಿಲ್ಲ. ಇದು ಬದಲಾಗ್ಬೇಕು ಅಂತ ನಾನು ಮನಸಾರೆ ಹೇಳ್ತೀನಿ.

ಅದು ಬದಲಾಗೋ ತನಕ ಊರಲ್ಲಿರೋ ನನ್ನ ತಂಗಿಯರು, ನಾದಿನಿಯರು, ಗೆಳತಿಯರಿಗೆ ಕೆಲವು ಮಾತು. ನಿಮ್ಮ ಯಜಮಾನ್ರು ಪ್ರೈವೇಟ್ ಕಂಪನೀಲಿದ್ರೆ ಇಪಿಎಫ್ ನಾಮಿನೇಷನ್ ಇವತ್ತೇ ತೆಗೆಸಿ ನೋಡಿ, ಒಂಟಿಯಾಗಿದ್ದಾಗ ಮಾಡಿದ ನಾಮಿನೇಷನ್ ಮದುವೆ ಆದ ಮೇಲೆ ನಡೆಯಲ್ಲ, ಹೊಸದು ಆನ್‌ಲೈನಲ್ಲೇ ಮಾಡ್ಬಹುದು, ಆ ಪಿಎಫ್ ಜೊತೆಗೇ ಇಡಿಎಲ್‌ಐ ಅಂತ 7 ಲಕ್ಷದ ತನಕ ಬರೋ ಇನ್ಶೂರೆನ್ಸ್ ಇದೆ, ಅದು ಇರೋದೇ ಎಷ್ಟೋ ಮನೆಗೆ ಗೊತ್ತಿಲ್ಲ. ಹೊಸ ಟರ್ಮ್ ಪಾಲಿಸಿ ತಗೊಳ್ಳೋವಾಗ 1874ರ ಮ್ಯಾರೀಡ್ ವಿಮೆನ್ಸ್ ಪ್ರಾಪರ್ಟಿ ಆಕ್ಟ್ ಕೆಳಗೆ ಹೆಂಡ್ತಿ ಮಕ್ಕಳ ಹೆಸರಿಗೆ ಬರೆಸಿ ಅಂತ ಏಜೆಂಟಿಗೆ ಹೇಳಿ, ಆಮೇಲೆ ಸಾಲ ಕೊಟ್ಟೋರು ಆ ದುಡ್ಡನ್ನ ಮುಟ್ಟೋಕಾಗಲ್ಲ. ಅತ್ತೆಗೆ ಸಿಗಬೇಕಾಗಿದ್ದು ಇಂಥದ್ದೇ. ಇಷ್ಟಕ್ಕೂ ಮೊದಲು ಕೇಳಬೇಕಾದ್ದು, ರೀ, ಯಾರಿಗಾದ್ರೂ ಜಾಮೀನು ಹಾಕಿದೀರಾ ಅಂತ. ಜಗಳ ಆದ್ರೂ ಕೇಳಿ.

ನಾನು ನೋಟರಿ ಮುಂದೆ ರುಜು ಹಾಕಿಬಂದೆ, ಕಾಲು ಭಾಗ ಅತ್ತೆಗೆ ಅಂತಾನೇ. ಅತ್ತೆ ಡಿಸೆಂಬರಲ್ಲಿ ಹೊರಡ್ತಾರೆ. ಅವ್ರ ಎಫ್‌ಡಿಗಳಿಗೆಲ್ಲ ಮಗನೊಬ್ಬನೇ ನಾಮಿನಿ, ನಮ್ಮ ನಾದಿನಿ ಹೆಸರು ಎಲ್ಲೂ ಇಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಡೆಪಾಸಿಟ್ಟಿಗೆ ನಾಲ್ಕು ಜನರ ತನಕ ನಾಮಿನಿ ಹಾಕಿ ಯಾರಿಗೆ ಎಷ್ಟು ಪಾಲು ಅಂತ್ಲೂ ಬರೆಸ್ಬಹುದು ಅಂತ ಗೊತ್ತಾದ ಮೇಲೆ, ಹೋದ ತಕ್ಷಣ ಬ್ಯಾಂಕಿಗೆ ಹೋಗಿ ಮಗಳ ಹೆಸರೂ ಸಮಪಾಲಲ್ಲಿ ಸೇರಿಸ್ತೀನಿ ಅಂದಿದಾರೆ. ಇವ್ರು ಹೂಂ ಅಂದ್ರು. ನಾದಿನಿಗೆ ಫೋನ್ ಮಾಡಿ ಇದನ್ನ ಮೊದಲೇ ಹೇಳ್ಬಿಡಿ ಅಂತ ನಾನಂದೆ, ಭಾನುವಾರ ಹೇಳಿದ್ರು.