ಕಿಟಕಿಯ ಸಂದಿನ ಗಾಳಿ: ಮೊದಲು ಹುಡುಕಿ, ಆಮೇಲೆ ಮುಚ್ಚಿ

ಫ್ಯಾನ್ ನಿಲ್ಲಿಸಿ ಕಿಟಕಿ ಮುಚ್ಚಿದ ಮೇಲೂ ಪರದೆಯ ಅಂಚು ಅಲುಗುತ್ತಿದ್ದರೆ ಎಲ್ಲೋ ಸಂದು ಬಿಟ್ಟಿದೆ ಎಂದು ತಿಳಿಯಬೇಕು. ಉದ್ದಗಲ ತಲಾ 1.2 ಮೀಟರ್ ಇರುವ ಕಿಟಕಿಯ ಸುತ್ತ ಬರೀ 1 ಮಿ.ಮೀ. ಸಂದಿದ್ದರೂ ಎಲ್ಲ ಸೇರಿ 48 ಚದರ ಸೆಂ.ಮೀ. ಆಗುತ್ತದೆ. ಗೋಡೆಯಲ್ಲಿ ಸರಿಸುಮಾರು 7 ಸೆಂ.ಮೀ. ಚೌಕದ ತೂತು ಬಿಟ್ಟಷ್ಟೇ ಜಾಗ ಅದು.

ಹಲವರು ನೇರವಾಗಿ ಸಿಲಿಕೋನ್ ಟ್ಯೂಬ್ ಹಿಡಿದು ಕಂಡಕಂಡಲ್ಲೆಲ್ಲ ಬಳಿದುಬಿಡುತ್ತಾರೆ. ನನ್ನ ಮಟ್ಟಿಗೆ ಹುಡುಕುವ ಕೆಲಸವೇ ಮುಖ್ಯವಾದದ್ದು. ಗಾಳಿ ಬೀಸುವ ದಿನ ಪರದೆಗಳನ್ನು ಸರಿಸಿ, ಗ್ಯಾಸ್ ಉಪಕರಣಗಳನ್ನು ಆರಿಸಿ, ಎಕ್ಸಾಸ್ಟ್ ಫ್ಯಾನ್ ಒಂದನ್ನು ಮಾತ್ರ ಹಾಕಿದರೆ ಅದು ಒಳಗಿನ ಗಾಳಿಯನ್ನು ಹೊರದೂಡುವುದರಿಂದ, ಹೊರಗಿನ ಗಾಳಿ ಇರುವ ಸಂದುಗಳಲ್ಲೆಲ್ಲ ಒಳನುಗ್ಗುತ್ತದೆ. ಆಗ ಹಚ್ಚಿದ ಊದುಬತ್ತಿಯನ್ನು ಚೌಕಟ್ಟಿನ ಅಂಚಿನುದ್ದಕ್ಕೂ ನಿಧಾನವಾಗಿ ಸಾಗಿಸಬೇಕು. ನೆಟ್ಟಗೆ ಏರುತ್ತಿದ್ದ ಹೊಗೆ ಒಮ್ಮೆಲೇ ಕೋಣೆಯ ಕಡೆಗೆ ಬಾಗಿ ಚದುರಿದ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು.

ಗುರುತು ಗೋಡೆ ಮತ್ತು ಚೌಕಟ್ಟು ಕೂಡುವಲ್ಲಿ ಬಿದ್ದರೆ ಅದು ಅಲುಗಾಡದ ಸಂದು. ಹಳೆಯ ತುಂಬುವಿಕೆಯನ್ನು ಕೆರೆದು, ಧೂಳು ಒರೆಸಿ, ಒಣಗಿದ ಮೇಲೆ ಸೀಲಂಟ್ (ಸಂದು ತುಂಬುವ ಅಂಟು) ತುಂಬಿದರೆ ಮುಗಿಯಿತು. ಮೇಲೆ ಬಣ್ಣ ಬಳಿಯುವುದಿದ್ದರೆ ಅಕ್ರಿಲಿಕ್ ಸೀಲಂಟೇ ಆಗಬೇಕು, ಏಕೆಂದರೆ ಸಾಮಾನ್ಯ ಸಿಲಿಕೋನಿನ ಮೇಲೆ ಬಣ್ಣ ಹಿಡಿಯುವುದಿಲ್ಲ.

ಕಿಟಕಿಯ ತೆರೆದು ಮುಚ್ಚುವ ಬಾಗಿಲಿನ ಅಂಚಿನದು ಬೇರೆಯೇ ಕಥೆ. ಒಂದು ಕಾಗದದ ಚೂರನ್ನು ನಡುವೆ ಇಟ್ಟು ಕಿಟಕಿ ಮುಚ್ಚಿ ಎಳೆದಾಗ ಅದು ಸಲೀಸಾಗಿ ಬಂದುಬಿಟ್ಟರೆ ಅಲ್ಲಿ ಬಿಗಿ ಸಾಲದು. ಸಂದು ಮುಚ್ಚುವ ಪಟ್ಟಿ ಅಂಟಿಸುವ ಮೊದಲು ಕೀಲಿನ ಸ್ಕ್ರೂ, ಚಿಲಕ ಸಡಿಲವಾಗಿವೆಯೇ ನೋಡಿ, ಎಷ್ಟೋ ಕಡೆ ಅವನ್ನು ಬಿಗಿಗೊಳಿಸಿದರೇ ಸಾಕಾಗುತ್ತದೆ. ಸಾಲದಿದ್ದರೆ, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಜೇಡಿಮಣ್ಣಿನ ಸಣ್ಣ ಉಂಡೆಯನ್ನು ಅಂಚಿನಲ್ಲಿಟ್ಟು ಕಿಟಕಿ ಒತ್ತಿ ಮುಚ್ಚಿ. ಚಪ್ಪಟೆಯಾದ ಮಣ್ಣಿನ ದಪ್ಪವೇ ಸಂದಿನ ಅಳತೆ. ರಬ್ಬರ್ ಅಥವಾ ಫೋಮ್ ಪಟ್ಟಿ ಅದಕ್ಕಿಂತ ತುಸು ದಪ್ಪವಿರಲಿ. ತೀರಾ ದಪ್ಪವಾದರೆ ಚಿಲಕವೇ ಬೀಳುವುದಿಲ್ಲ, ಬಲವಂತ ಮಾಡಿದರೆ ಕೀಲು ಸೊಟ್ಟಗಾಗುತ್ತದೆ.

ಜಾರುವ ಕಿಟಕಿಗೆ ಬ್ರಷ್ಷಿನಂಥ ಎಳೆಗಳಿರುವ ಕುಚ್ಚಿನ ಪಟ್ಟಿ ಸರಿಹೊಂದುತ್ತದೆ. ಅದರ ಕೆಳಗಿನ ಹಳಿಯಲ್ಲಿರುವ ಪುಟ್ಟ ತೂತುಗಳು ಮಳೆನೀರು ಹೊರಹೋಗಲೆಂದೇ ಇರುವಂಥವು, ಗಾಳಿ ಬರುತ್ತದೆಂದು ಅವನ್ನು ದಯವಿಟ್ಟು ಮುಚ್ಚಬೇಡಿ.

ಹೊಗೆ ಎಲ್ಲೂ ಬಾಗದಿದ್ದರೂ ಕಿಟಕಿಯ ಬಳಿ ಚಳಿ ಸುಳಿಯುವುದುಂಟು. ತಣ್ಣಗಿನ ಗಾಜಿಗೆ ತಾಗಿದ ಕೋಣೆಯ ಗಾಳಿಯೇ ತಂಪಾಗಿ, ಭಾರವಾಗಿ ಕೆಳಗಿಳಿದು ಕಾಲಿಗೆ ಸೋಕುತ್ತಿರುತ್ತದೆ. ಅದಕ್ಕೆ ಎಷ್ಟು ಸೀಲಂಟ್ ತುಂಬಿದರೂ ಪ್ರಯೋಜನವಿಲ್ಲ, ದಪ್ಪ ಪರದೆಯೋ ಎರಡು ಪದರದ ಗಾಜೋ ಬೇಕಾಗುತ್ತದೆ.

ಗ್ಯಾಸ್ ಒಲೆ ಅಥವಾ ಗ್ಯಾಸ್ ಗೀಸರ್ ಇರುವ ಕೋಣೆಯಲ್ಲಿ ಮಾತ್ರ ಗಾಳಿಯಾಡಲೆಂದು ಬಿಟ್ಟ ಕಿಂಡಿಗಳನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಗಾಳಿ ಸಾಲದೆ ಉರಿದ ಅನಿಲದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.