ನೀವೇ ಎಳೀರಿ

ಮಂಗಳವಾರ ಚಿಕ್ಕಮ್ಮನ ಜೊತೆ ಬ್ಲೌಸ್ ನೋಡೋಕೆ ಹೋಗಿದ್ದೆ. ಅವರ ಮಗಳ ಧಾರೆಯ ಬ್ಲೌಸ್. ಗಾಂಧಿಬಜಾರ್ ಹಿಂದಿನ ಬೀದಿಯಲ್ಲಿ ಒಂದು ಟೈಲರ್ ಅಂಗಡಿ, ಅದರ ಮೇಲೆ ಶೀಟ್ ಹೊದಿಸಿದ ಕೋಣೆ. ಮಗ್ಗದ ವರ್ಕ್ ಮಾಡುವವರು ಕೂರುವುದು ಅಲ್ಲಿ. ಮದುವೆಗೆ ಇನ್ನು 11 ದಿನ ಇತ್ತು.

ಬಟ್ಟೆ ಇನ್ನೂ ಮರದ ಚೌಕಟ್ಟಿನ ಮೇಲೇ ಇತ್ತು. ಮಗ್ಗದ ವರ್ಕ್ ಅಂದರೆ ಬ್ಲೌಸ್ ಹೊಲಿದ ಮೇಲೆ ಮಣಿ ಹಚ್ಚುವುದಲ್ಲ. ಕತ್ತರಿಸದ ಬಟ್ಟೆಯನ್ನು ನಾಲ್ಕೂ ಕಡೆ ಬಿಗಿದು ಕಟ್ಟುತ್ತಾರೆ. ಡಿಸೈನ್ ಬರೆದ ಕಾಗದಕ್ಕೆ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಅದರ ಮೇಲೆ ಒರೆಸುತ್ತಾರೆ. ಕೊರಳು, ಬೆನ್ನು, ಎರಡು ತೋಳು ಚುಕ್ಕಿ ಚುಕ್ಕಿಯಾಗಿ ಬಟ್ಟೆಗೆ ಇಳಿಯುತ್ತವೆ. ವರ್ಕ್ ಪೂರ್ತಿ ಮುಗಿದ ಮೇಲೆಯೇ ಟೈಲರ್ ಕತ್ತರಿ ಹಾಕುವುದು. ಹೊಲಿಗೆ ಬೀಳುವ ಅಂಚಿನಲ್ಲಿ ಒಂದು ಮಣಿಯೂ ಬರಬಾರದು. ಬಂದರೆ ಮಿಷನ್ ಸೂಜಿ ಮುರಿಯುತ್ತದೆ, ಇಲ್ಲವೇ ಮಣಿ ಪುಡಿಯಾಗುತ್ತದೆ.

ಬಲತೋಳು ಮುಗಿದಿತ್ತು. ಎಡತೋಳು ಅರ್ಧ ಆಗಿತ್ತು. ಅಂಚಿಗೆ ಮೂರು ಸಾಲು ಗಾಜಿನ ಮಣಿ, ಮಧ್ಯೆ ಕುಂದನ್ ಕಲ್ಲು, ಸುತ್ತ ಜರ್ದೋಸಿ. ನಾನು ನೋಡಿದೆ. ನೋಡಿ, ಬಾಯಿ ಸುಮ್ನೆ ಇರದೆ ಹೇಳಿದೆ: "ಮಣಿ ಬಣ್ಣ ಸ್ವಲ್ಪ ಮಂಕಾಯ್ತು ಅಲ್ವಾ ಚಿಕ್ಕಮ್ಮ?"

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶುರು ಮಾಡಿದ್ದು ನಾನು.

ಚಿಕ್ಕಮ್ಮ ಬಗ್ಗಿ ನೋಡಿದರು. ಅವರೇ ಆರಿಸಿದ್ದ ಆಂಟಿಕ್ ಗೋಲ್ಡ್ ಮಣಿ ಅದು. "ಹೌದಲ್ವೇ, ಹಿತ್ತಾಳೆ ಥರ ಕಾಣುತ್ತೆ. ಇದನ್ನ ಬಿಚ್ಚಿಬಿಟ್ಟು ಬ್ರೈಟ್ ಗೋಲ್ಡ್ ಹಾಕಿಬಿಡಿ. ಮೂರು ಸಾಲು ತಾನೆ."

ಚೌಕಟ್ಟಿನ ಮುಂದೆ ಕೂತಿದ್ದ ಹುಡುಗ ತಲೆ ಎತ್ತಿದ. ಇಪ್ಪತ್ತು ಇಪ್ಪತ್ತೆರಡು ವಯಸ್ಸಿರಬೇಕು, ಬಂಗಾಳದವನು. ನಮ್ಮ ಮುಖ ನೋಡಿದ, ಬಾಗಿಲಲ್ಲಿ ನಿಂತಿದ್ದ ಅಂಗಡಿಯವರ ಮುಖ ನೋಡಿದ. ಅವರು ತಲೆ ಆಡಿಸಿದರು. ಅವನು ಚಿಕ್ಕ ಕತ್ತರಿ ತೆಗೆದುಕೊಂಡು ಬಲತೋಳಿನ ಕೊನೆಯ ಗಂಟನ್ನು ಕತ್ತರಿಸಿದ. ದಾರದ ತುದಿಯನ್ನು ಸೂಜಿಯಿಂದ ಎಬ್ಬಿಸಿದ. ಕೆಳಗೆ ಒಂದು ತಟ್ಟೆ ಹಿಡಿದ. ಆಮೇಲೆ ಆ ದಾರದ ತುದಿಯನ್ನು ಚಿಕ್ಕಮ್ಮನ ಕಡೆ ಚಾಚಿದ.

"ಅಕ್ಕ, ನೀವೇ ಎಳೀರಿ."

ಚಿಕ್ಕಮ್ಮ ಎಳೆದರು. ಸರ್ ಅಂತ ಒಂದು ಇಡೀ ಸಾಲು ಬಿಚ್ಚಿಕೊಂಡು ಬಂತು. ಮಣಿಗಳು ಒಂದರ ಹಿಂದೆ ಒಂದು ತಟ್ಟೆಗೆ ಬಿದ್ದವು. ಹತ್ತು ಸೆಕೆಂಡೂ ಆಗಲಿಲ್ಲ. ಚಿಕ್ಕಮ್ಮನ ಕೈಯಲ್ಲಿ ಉದ್ದಕ್ಕೆ ಸುಕ್ಕಾದ ದಾರ ಉಳಿಯಿತು.

"ಅಯ್ಯೋ, ಇಷ್ಟು ಸುಲಭಕ್ಕೆ ಬಂದುಬಿಡುತ್ತಾ? ಹಾಗಾದ್ರೆ ಮದುವೇಲಿ ಉದುರಲ್ವಾ?" ಅಂತ ಅಂಗಡಿಯವರನ್ನು ಕೇಳಿದರು.

"ಗಂಟು ಇದ್ದರೆ ಬರಲ್ಲ ಮೇಡಂ" ಅಂದರು ಅವರು. ಉಳಿದ ಎರಡು ಸಾಲನ್ನು ಹುಡುಗ ತಾನೇ ಎಳೆದ.

ಇಷ್ಟೇ ನಡೆದದ್ದು. ಯಾರೂ ಕೂಗಾಡಲಿಲ್ಲ. ಬಿಚ್ಚಿ ಮತ್ತೆ ಹಾಕುವುದಕ್ಕೆ ಅಂಗಡಿಯವರು 1,200 ಕೇಳಿದರು, ಚಿಕ್ಕಮ್ಮ 800ಕ್ಕೆ ಇಳಿಸಿದರು. ಆದರೆ ಮುಂದಿನ ನಾಲ್ಕು ದಿನ ನಾನು ಬೇರೆ ಏನು ಮಾಡುತ್ತಿದ್ದರೂ ಮನಸ್ಸು ಅಲ್ಲೇ ಹೋಗುತ್ತಿತ್ತು. ನೀವೇ ಎಳೀರಿ ಅಂದನಲ್ಲ, ಯಾಕೆ ಅಂದ?

ಮಗ್ಗದ ವರ್ಕ್ ಮಾಡುವ ಆರಿ ಸೂಜಿ ನನಗೂ ಸ್ವಲ್ಪ ಗೊತ್ತು. 2021ರಲ್ಲಿ ಎಲ್ಲರೂ ಮನೆಯಲ್ಲೇ ಇದ್ದಾಗ ವಿಡಿಯೋ ನೋಡಿ ಕಲಿತೆ. ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಸೂಜಿ ಅದು. ದಾರ ಬಟ್ಟೆಯ ಕೆಳಗೆ ಎಡಗೈಯಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಲಗೈಯ ಸೂಜಿ ಕೆಳಗೆ ಹೋಗಿ ದಾರವನ್ನು ಹಿಡಿದು ಮೇಲೆ ತರಬೇಕು. ಮಣಿಗಳನ್ನು ಮೊದಲೇ ಸೂಜಿಯ ಮೈಗೆ ಏರಿಸಿಕೊಂಡಿರುತ್ತೇವೆ. ದಾರ ಮೇಲೆ ಬಂದಾಗ ಒಂದು ಮಣಿಯನ್ನು ಬೆರಳಿಂದ ಜಾರಿಸಿ ಅದಕ್ಕೆ ಕೂರಿಸಬೇಕು. ನನಗೆ ಒಂದು ಸಂಜೆಗೆ ನಾಲ್ಕು ಇಂಚು ಆಗುತ್ತಿತ್ತು. ಅದೂ ಸೊಟ್ಟ. ಕಟ್ ಬೀಡ್ಸ್ ಹಾಕಿದರೆ ಅದರ ಚೂಪು ಅಂಚಿಗೆ ದಾರ ಸವೆದು ಪಟ್ ಅನ್ನುತ್ತಿತ್ತು.

ಇದು ಸರಪಳಿ ಹೊಲಿಗೆ. ಪ್ರತಿ ಕುಣಿಕೆಯನ್ನೂ ಅದರ ಮುಂದಿನ ಕುಣಿಕೆ ಹಿಡಿದುಕೊಂಡಿರುತ್ತದೆ. ಕೊನೆಯದನ್ನು ಹಿಡಿಯಲು ಮುಂದೆ ಯಾರೂ ಇಲ್ಲ, ಅದಕ್ಕೇ ಅಲ್ಲಿ ಗಂಟು. ಗಂಟು ಹೋಯಿತೋ, ಹಿಂದಿನದು, ಅದರ ಹಿಂದಿನದು, ಹೀಗೆ ಶುರುವಿನವರೆಗೂ ಎಲ್ಲ ಬಿಚ್ಚಿಕೊಳ್ಳುತ್ತದೆ.

ಅಜ್ಜಿಯ ಮಣಿ ತೋರಣ ಹಾಗಲ್ಲ. ನಮ್ಮ ಮನೆ ಬಾಗಿಲಿಗೆ ಹಬ್ಬದ ದಿನ ಈಗಲೂ ಅದನ್ನೇ ಕಟ್ಟುವುದು. ಹಸಿರು ಗಿಣಿ, ಕೆಂಪು ಕೊಕ್ಕು, ಕೆಳಗೆ ಕಡ್ಡಿ ಮಣಿಯ ಜಾಲರಿ. ಒಂದೊಂದು ಮಣಿಯಲ್ಲೂ ದಾರ ಎರಡು ಸಲ ಹಾದು ಹೋಗಿದೆ. ಒಂದು ಕಡೆ ಹರಿದರೂ ಗಿಣಿ ಅಲ್ಲೇ ಇರುತ್ತದೆ. ಅಜ್ಜಿ ಅದನ್ನು ಎಷ್ಟು ತಿಂಗಳು ಪೋಣಿಸಿದರೋ. ಯಾರಿಗೂ ತೋರಿಸಿ ಒಪ್ಪಿಗೆ ಪಡೆಯುವ ಕೆಲಸ ಇರಲಿಲ್ಲ ಅವರಿಗೆ. ಲಂಬಾಣಿ ಹೆಂಗಸರ ಬಟ್ಟೆ ನೋಡಿ. ಸಂಡೂರಿನ ಲಂಬಾಣಿ ಕಸೂತಿಗೆ ಈಗ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ಅಂಗಡಿಗಳಲ್ಲಿ ಚೀಲ, ದಿಂಬಿನ ಕವರ್ ಆಗಿ ಸಿಗುತ್ತದೆ. ಆದರೆ ಆ ಕನ್ನಡಿ, ಕವಡೆ, ಮಣಿ ಎಲ್ಲ ಅವರು ಮೊದಲು ಕೂರಿಸಿದ್ದು ತಮ್ಮ ಮೈಮೇಲಿನ ಬಟ್ಟೆಗೆ. ಹಾಕಿದವರೂ ಅವರೇ, ತೊಟ್ಟವರೂ ಅವರೇ. ಬಣ್ಣ ಮಂಕಾಯಿತು ಅನ್ನಲು ಬೇರೆಯವರು ಯಾರಿದ್ದರು?

ಈ ಹುಡುಗನ ವಿಷಯ ಬೇರೆ. ತೊಡುವವಳನ್ನು ಅವನು ನೋಡೇ ಇಲ್ಲ.

2023ರ ಮಾರ್ಚ್ 30ರಂದು ಫ್ರಾನ್ಸಿನ ಫ್ಯಾಷನ್ ಕಂಪನಿ ಡಿಯೋರ್‌ನವರು ಮುಂಬೈನ ಗೇಟ್‌ವೇ ಆಫ್ ಇಂಡಿಯಾ ಮುಂದೆ ಫ್ಯಾಷನ್ ಶೋ ಮಾಡಿದರು. ಅಲ್ಲಿ ದೊಡ್ಡದೊಂದು ಕಸೂತಿ ತೋರಣ ಕಟ್ಟಿದ್ದರು. ಮುಂಬೈನ ಚಾಣಕ್ಯ ಸಂಸ್ಥೆಯ ಕೈಕೆಲಸ. ಆ ಫೋಟೋಗಳನ್ನು ನಾನು ಎಷ್ಟು ಸಲ ಜೂಮ್ ಮಾಡಿ ನೋಡಿದ್ದೆ! ಫ್ರಾನ್ಸ್‌ನಲ್ಲೂ ಇದೇ ಕೊಕ್ಕೆ ಸೂಜಿ ಇದೆ. ಲ್ಯೂನೆವಿಲ್ ಅನ್ನುವ ಊರಿನ ಹೆಸರಲ್ಲಿ ಕರೆಯುತ್ತಾರೆ. ಅವರು ಮಣಿಯನ್ನು ದಾರಕ್ಕೆ ಮೊದಲೇ ಪೋಣಿಸಿಟ್ಟು ಬಟ್ಟೆಯ ಹಿಂಬದಿಯಿಂದ ಹೊಲಿಯುತ್ತಾರೆ, ನಮ್ಮವರು ಮುಂಬದಿಯಿಂದ. ಇದನ್ನೆಲ್ಲ ಓದಿ ತಿಳಿದುಕೊಂಡವಳು ನಾನು. ಕೈಕೆಲಸ ಅಂದರೆ ಪ್ರಾಣ ಅಂತ ಹೇಳಿಕೊಂಡು ಓಡಾಡುವವಳು. ಅದೇ ನಾನು ಟ್ಯೂಬ್‌ಲೈಟಿನ ಕೆಳಗೆ ನಿಂತು ಮಣಿ ಬಣ್ಣ ಮಂಕು ಅಂದೆ.

ಟ್ಯೂಬ್‌ಲೈಟ್ ಅಂತ ಯಾಕೆ ಹೇಳಿದೆ ಅಂದರೆ, ಇಳಿದು ಬಂದಾಗ ಕೆಳಗೆ ಬಿಸಿಲಿತ್ತು. ಚಿಕ್ಕಮ್ಮ ಚೀಲದಿಂದ ಧಾರೆ ಸೀರೆ ತೆಗೆದು ಅಂಗಡಿಯವರಿಗೆ ಬಾರ್ಡರ್ ತೋರಿಸಿದರು, ಬ್ರೈಟ್ ಗೋಲ್ಡ್ ಮ್ಯಾಚ್ ಮಾಡೋಕೆ. ಅಂಗಡಿಯವರ ಅಂಗೈಯಲ್ಲಿ ತಟ್ಟೆಯ ಹಳೆಯ ಮಣಿ ಹತ್ತಿಪ್ಪತ್ತು ಇದ್ದವು. ಜರಿಗೂ ಅದಕ್ಕೂ ಒಂದು ಕೂದಲಷ್ಟೂ ವ್ಯತ್ಯಾಸ ಇರಲಿಲ್ಲ. ಅಂಗಡಿಯವರು ನೋಡಿದರು. ನಾನೂ ನೋಡಿದೆ. ಚಿಕ್ಕಮ್ಮ ಆಟೋ ಹುಡುಕುತ್ತಿದ್ದರು. ನಾನು ಆಗ ಬಾಯಿ ಬಿಡಲಿಲ್ಲ.

ಚಿಕ್ಕಮ್ಮ ಕೆಟ್ಟವರಲ್ಲ. ಚಿಕ್ಕಪ್ಪ ಹೋದ ಮೇಲೆ ಒಬ್ಬರೇ ಮಗಳನ್ನು ಓದಿಸಿದವರು. ಮನೆಕೆಲಸದವರ ಮಗನ ಫೀಸ್ ಕಟ್ಟುತ್ತಾರೆ. ಆದರೆ "ಮೂರು ಸಾಲು ತಾನೆ" ಅನ್ನುವಾಗ ಅವರಿಗೆ ಕಂಡದ್ದು ಸಾಲು ಮಾತ್ರ. ಬೆನ್ನು ಬಗ್ಗಿಸಿ ಕೂತ ಒಂದು ದಿನ, ಮತ್ತರ್ಧ ದಿನ ಕಾಣಲಿಲ್ಲ. ನನಗೆ ಕಾಣುತ್ತಿತ್ತು. ಹಾಗಾಗಿ ನನ್ನದೇ ಜಾಸ್ತಿ ತಪ್ಪು ಅಂತ ನನಗೆ ಅನಿಸುತ್ತದೆ.

ನೀವೇ ಎಳೀರಿ. ಮೊದಲ ರಾತ್ರಿ ಅದು ಸಿಟ್ಟು ಅನಿಸಿತು. ನಾನು ಹಾಕಿದ್ದು, ಕೀಳುವವರು ನೀವಾಗಿ, ಅಂತ. ಬುಧವಾರ ಮನೆಯಲ್ಲಿ ನನ್ನದೇ ಹಳೆಯ ತುಂಡೊಂದನ್ನು ತೆಗೆದು ಗಂಟು ಕತ್ತರಿಸಿ ಎಳೆದು ನೋಡಿದೆ. ಎದೆ ಒಂಥರಾ ಆಯಿತು. ಆಗ ಅನಿಸಿತು, ಸಿಟ್ಟಲ್ಲ, ಅವನ ಕೈ ಬರಲಿಲ್ಲ ಅಷ್ಟೇ.

ಗುರುವಾರ ಇನ್ನೊಂದು ಯೋಚನೆ ಬಂತು. ಆ ಹುಡುಗನಿಗೆ ಬರುವ ಕನ್ನಡವೇ ಅಷ್ಟಿರಬಹುದು. ಆ ಕೋಣೆಗೆ ಬರುವ ನಮ್ಮಂಥವರು ಏನು ಮಾತಾಡುತ್ತೇವೆ? ತೋರಿಸಿ. ಬಿಚ್ಚಿ. ಹಾಕಿ. ಬೇಗ ಕೊಡಿ. ಅವನು ಕಲಿತದ್ದೆಲ್ಲ ಅಪ್ಪಣೆಯ ಮಾತೇ ಇರಬೇಕು. ಏನೋ ವಿನಯವಾಗಿ ಹೇಳಲು ಹೋಗಿ, ಬೇರೆ ಮಾತು ಇಲ್ಲದೆ, ನಾವೇ ಕೊಟ್ಟದ್ದನ್ನು ನಮಗೆ ವಾಪಸ್ ಕೊಟ್ಟಿರಬಹುದು. ಈ ಯೋಚನೆ ಬಂದಾಗ ಅವನ ಮೇಲೆ ತುಂಬಾ ಮರುಕ ಬಂತು. ಸ್ವಲ್ಪ ಸಮಾಧಾನವೂ ಆಯಿತು.

ಶನಿವಾರ ನಾನೊಬ್ಬಳೇ ಹೋದೆ. ಎಡತೋಳು ಮುಗಿಯುತ್ತಾ ಇತ್ತು, ಹೊಸ ಮಣಿ ಫಳಫಳ ಅನ್ನುತ್ತಿತ್ತು. ಬಲತೋಳಿನಲ್ಲಿ ಹಳೆಯ ಸಾಲಿನ ಸೂಜಿ ತೂತು ರೇಷ್ಮೆಯಲ್ಲಿ ಉಳಿದುಬಿಟ್ಟಿದ್ದವು. ಅದು ಕಾಣದ ಹಾಗೆ ಅವನು ಪಕ್ಕಕ್ಕೆ ಒಂದು ಸಾಲು ಸಣ್ಣ ಮುತ್ತು ಸೇರಿಸಿದ್ದ. ಯಾರೂ ಹೇಳಿರಲಿಲ್ಲ. ಅದಕ್ಕೆ ದುಡ್ಡೂ ಇಲ್ಲ. ತಟ್ಟೆಯ ಮಣಿಯನ್ನು ಸೂಜಿ ತುದಿಯಿಂದ ಕುಕ್ಕಿ ಕುಕ್ಕಿ ಏರಿಸುತ್ತಿದ್ದ, ಕೋಳಿ ಕಾಳು ಹೆಕ್ಕುವ ವೇಗದಲ್ಲಿ.

ನಾನು ಪಕ್ಕದಲ್ಲಿ ಕೂತೆ. ಅಪ್ಪಣೆ ಅಲ್ಲದ ಒಂದು ಮಾತು ಆಡಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದೆ.

"ಊಟ ಆಯ್ತಾ?"

ಅವನು ಸೂಜಿ ನಿಲ್ಲಿಸಲಿಲ್ಲ.

"ಆಯ್ತು ಅಕ್ಕ, ಆಗಲೇ ಆಯ್ತು. ನಿಮ್ದಾಯ್ತಾ? ಅವತ್ತು ನಿಮ್ಮ ಚಿಕ್ಕಮ್ಮ ಬೇಜಾರು ಮಾಡ್ಕೊಂಡ್ರಾ?"