ಬೋನು ಇಡೋ ಮೊದಲು

19 ಜನವರಿ 2025, ರವಿವಾರ
ಮಾಳಮಡ್ಡಿ, ಧಾರವಾಡ

ಮರಿ ಆಗದ ಹಾಗೆ ಆಪರೇಶನ್ ಮಾಡೋಕೆ ಬುಧವಾರ ಓಣಿಯ ಬೆಕ್ಕುಗಳನ್ನು ಕರೆತನ್ನಿ ಅಂತ ಪ್ರಾಣಿಗಳ ಡಾಕ್ಟರು ಹೇಳಿದ್ದಾರೆ. ಯಾವ್ಯಾವ ಬೆಕ್ಕು ಅನ್ನೋದನ್ನು ಇವತ್ತೇ ಗಟ್ಟಿ ಮಾಡಿಕೊಳ್ಳಬೇಕು. ನಮ್ಮ ಓಣಿಯ ಬೆಕ್ಕುಗಳಿಗೆ ಒಂದೇ ಮನೆ ಅಂತ ಇಲ್ಲ. ಬೆಳಗ್ಗೆ ಒಬ್ಬರ ಹಿತ್ತಲಲ್ಲಿ ಹಾಲು, ಮಧ್ಯಾಹ್ನ ಇನ್ನೊಬ್ಬರ ಕಟ್ಟೆ ಮೇಲೆ ನಿದ್ದೆ, ರಾತ್ರಿ ಹೆಂಚಿನ ಮೇಲೆ ಜಗಳ. ಹಾಗಂತ ಯಾರದ್ದೂ ಅಲ್ಲ ಅಂದುಕೊಂಡು ಸುಮ್ನೆ ಎತ್ತಿಕೊಂಡು ಹೋಗಿ ಆಪರೇಶನ್ ಮಾಡಿಸೋದು ತಪ್ಪು. ಯಾರಿಗೋ ಅದರ ಮೇಲೆ ಜೀವ ಇರುತ್ತದೆ.

ಕೆಂಪು ಬೆಕ್ಕಿನ ಕೊರಳಿಗೆ ಶುಕ್ರವಾರ ಕಾಗದದ ಪಟ್ಟಿ ಸುತ್ತಿದ್ದೆ. "ಇದು ನಿಮ್ಮ ಬೆಕ್ಕೇ? ಫೋನ್ ಮಾಡಿ" ಅಂತ ಬರೆದು ಕೆಳಗೆ ನಂಬರು. ದಾರ ಮಾತ್ರ ಕಟ್ಟಬಾರದು, ಎಲ್ಲಾದರೂ ಸಿಕ್ಕಿಕೊಂಡರೆ ಉರುಲಾಗುತ್ತದೆ. ಕಾಗದವಾದರೆ ಎಳೆದಾಗ ಹರಿದುಹೋಗುತ್ತದೆ. ಇವತ್ತು ಮುಂಜಾನೆ ಹಿಂದಿನ ಓಣಿಯ ಅಜ್ಜಿ ಫೋನ್ ಮಾಡಿದರು.

"ನಮ್ಮ ಕೆಂಪ್ಯಾನ ಕೊರಳಾಗ ಚೀಟಿ ಅದ, ಯಾಕ್ರೀ?"

ವಿಷಯ ಹೇಳಿದೆ.

"ಆಪರೇಶನ್ ಮಾಡಿಸಿದ್ರ ಮುಂದ ಇಲಿ ಹಿಡೀತಾನೇನ್ರಿ?"

"ಹಿಡೀತಾನ್ರಿ ಅಜ್ಜಿ. ಹೊರಗ ಅಡ್ಡಾಡೋದು, ಜಗಳಾಡಿ ಗಾಯ ಮಾಡ್ಕೊಂಡು ಬರೋದು, ಗೋಡಿಗೆ ಉಚ್ಚಿ ಸಿಡಿಸೋದು ಕಡಿಮಿ ಆಗ್ತದ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನ ಜೊತೆ ತಾವೇ ಬುಟ್ಟಿಯಲ್ಲಿ ತರುತ್ತೇವೆ ಅಂದರು. ತುಂಬಾ ಸಮಾಧಾನವಾಯಿತು.

ಬಿಳಿ ಹೆಣ್ಣುಬೆಕ್ಕಿನದು ಬೇರೆ ಕಥೆ. ಬಾಡಿಗೆ ಮನೆ ಖಾಲಿ ಮಾಡಿದವರು ಅದನ್ನು ಬಿಟ್ಟು ಹೋದರು. ಬೀಗ ಹಾಕಿದ ಬಾಗಿಲ ಮುಂದೆ ಹಗಲೆಲ್ಲ ಕೂತಿರುತ್ತದೆ. ಮೈ ಕೊಳೆ, ಪಕ್ಕೆಲುಬು ಎಣಿಸಬಹುದು. ನೋಡಿದವರು ಇದನ್ನೇ ಬೀದಿಯಲ್ಲಿ ಹುಟ್ಟಿದ್ದು ಅಂತಾರೆ. ಆದರೆ ನಾನು ಹತ್ತಿರ ಹೋದರೆ ಬಾಲ ನೆಟ್ಟಗೆ ಎತ್ತಿಕೊಂಡು ಬರುತ್ತದೆ, ಮುಖ ನೋಡಿ ಕೂಗುತ್ತದೆ, ಕಾಲಿಗೆ ತಲೆ ಉಜ್ಜುತ್ತದೆ. ಸಾಕಿದ ಬೆಕ್ಕಲ್ಲದೆ ಮತ್ತೇನು? ಹೊರಗೆ ಬದುಕಿ ಗೊತ್ತಿಲ್ಲದ್ದಕ್ಕೇ ಇಷ್ಟು ಸೊರಗಿದೆ. ಸಾಕಿದ ಪ್ರಾಣಿಯನ್ನು ಹೀಗೆ ಉಪವಾಸಕ್ಕೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಆಪರೇಶನ್ ಆದ ಮೇಲೆ ಇದಕ್ಕೆ ಮನೆ ಹುಡುಕಲೇಬೇಕು.

ಕರಿ ಗಂಡುಬೆಕ್ಕು ಇದಕ್ಕೆ ಪೂರಾ ಉಲ್ಟಾ. ಮೈ ಮಿರಮಿರ ಹೊಳೆಯುತ್ತದೆ, ದಪ್ಪ ಗಲ್ಲ, ಚೂರಾದ ಕಿವಿ ಅಂಚು. ಕತ್ತಲಾದ ಮೇಲೆ ಬಂದು ಸ್ಕೂಟರಿನ ಕೆಳಗೆ ನೆಲಕ್ಕೆ ಅಂಟಿಕೊಂಡು ಕೂರುತ್ತದೆ. ಕೂಗೋದಿಲ್ಲ, ಕಣ್ಣಿಗೆ ಕಣ್ಣು ಕೊಡೋದಿಲ್ಲ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆಯೇ ತಟ್ಟೆಗೆ ಬಾಯಿ. ಇದು ಮನುಷ್ಯರಿಗೆ ಒಗ್ಗದೆ ಬೆಳೆದ ಬೆಕ್ಕು. ಒತ್ತಾಯದಿಂದ ಮನೆಯೊಳಗೆ ಕೂಡಿದರೆ ಅದಕ್ಕೆ ಹಿಂಸೆ. ಗಾಯ ಮಾಗಿದ ಮೇಲೆ ಇದೇ ಓಣಿಗೆ ತಂದು ಬಿಡಬೇಕು.

ಮೊದಲೇ ಆಪರೇಶನ್ ಆಗಿದೆಯೋ ಅಂತ ಇದರ ಕಿವಿಯನ್ನು ಬ್ಯಾಟರಿ ಹಾಕಿ ನೋಡಿದೆ. ಆಪರೇಶನ್ ಆದ ಬೀದಿ ಬೆಕ್ಕಿಗೆ, ಜ್ಞಾನ ತಪ್ಪಿಸಿದಾಗಲೇ, ಗುರುತಿಗೆ ಅಂತ ಒಂದು ಕಿವಿಯ ತುದಿಯನ್ನು ನೆಟ್ಟಗೆ ಕತ್ತರಿಸಿರುತ್ತಾರೆ, ಜಾಸ್ತಿ ಕಡೆ ಎಡಗಿವಿ. ಇದರದ್ದು ಜಗಳದಲ್ಲಿ ಹರಿದ ಅಂಕುಡೊಂಕು.

ಬೋನಿನಲ್ಲಿ ಬಿದ್ದಾಗ ಬೆಕ್ಕಿನ ಸ್ವಭಾವ ಅಳೆಯಬಾರದು. ಮಡಿಲಲ್ಲಿ ಮಲಗೋ ಬೆಕ್ಕೂ ಆಗ ಬುಸ್ ಅನ್ನುತ್ತದೆ, ಉಗುರು ಹಾಕುತ್ತದೆ. ಬೋನಿಗೆ ಬಟ್ಟೆ ಹೊದಿಸಿ, ಗದ್ದಲ ಇಲ್ಲದ ಕಡೆ ಇಟ್ಟು, ಮಾರನೇ ದಿನ ನೋಡಬೇಕು. ಸಾಕಿದ್ದು ಮೆಲ್ಲಗೆ ಮುಂದೆ ಬರುತ್ತದೆ.

ಇನ್ನು ಮೂರು ಬಣ್ಣದ್ದು. ಮೂರು ಬಣ್ಣ ಅಂದರೆ ಹೆಚ್ಚೂಕಮ್ಮಿ ಹೆಣ್ಣೇ. ಹೊಟ್ಟೆಯ ಕೆಳಗೆ ಮೊಲೆ ಊದಿವೆ, ಸುತ್ತ ಕೂದಲು ಉದುರಿದೆ. ಎಲ್ಲೋ ಮರಿಗಳಿವೆ. ಈಗ ಒಯ್ದರೆ ಅವು ಹಸಿವಿನಿಂದ ಸಾಯುತ್ತವೆ. ಹಾಲು ಕೊಡುವಾಗಲೇ ಮತ್ತೆ ಗಬ್ಬ ಆಗಬಹುದು, ಸುಮಾರು 9 ವಾರಕ್ಕೆ ಇನ್ನೊಂದು ಸೂಲು. ಅದಕ್ಕೇ ತಡ ಮಾಡೋ ಹಾಗೂ ಇಲ್ಲ. ಮೊದಲು ಮರಿ ಹುಡುಕಬೇಕು. 7-8 ವಾರದೊಳಗೆ ಕೈಗೆ ಸಿಕ್ಕರೆ ಮನುಷ್ಯರಿಗೆ ಬೇಗ ಒಗ್ಗುತ್ತವೆ, ಮನೆ ಕೊಡಿಸಬಹುದು. ಹಳೇ ಕಟ್ಟಿಗೆ ಕೋಣೆಯಲ್ಲಿ ಚಿಂಯ್ ಅನ್ನೋ ಸದ್ದು ಕೇಳಿಸಿತು ಅಂತ ಪಕ್ಕದ ಮನೆಯ ಹುಡುಗ ಹೇಳಿದ್ದಾನೆ. ನಾಳೆ ನೋಡುತ್ತೇನೆ.

ಕರಿಯದ್ದಕ್ಕೆ ನಾಳೆ ರಾತ್ರಿಯೇ ಬೋನು. ಬಿಳಿಯದು ಎತ್ತಿಕೊಂಡರೂ ಬರುತ್ತದೆ. ಆಪರೇಶನ್ನಿಗೆ ಹೊಟ್ಟೆ ಖಾಲಿ ಇರಬೇಕು. ಮಂಗಳವಾರ ರಾತ್ರಿ ಬಿಳಿಯದಕ್ಕೂ ಕೆಂಪ್ಯಾನಿಗೂ ಯಾರೂ ಹಾಲು ಹಾಕಬೇಡಿ ಅಂತ ಎರಡೂ ಓಣಿಯ ಮನೆಗಳಿಗೆ ಹೇಳಿ ಬರಬೇಕು.